ಸ್ಟ್ರಿಂಗ್ ಹಾಕ್ಲಾ, ಸ್ಪಾರ್ಕಲ್ ಕಲೀಲಾ? ಜೀನು ಹುಡುಕುವವರಿಗೆ ಡೇಟಾಬೇಸ್ ದಾರಿಗಳ ಹೋಲಿಕೆ

"ಮೇಡಂ, ಸ್ಟ್ರಿಂಗ್ ಹಾಕ್ಲಾ, ಕೆಗ್ ಹಾಕ್ಲಾ? ಇಲ್ಲಾ ಸ್ಪಾರ್ಕಲ್ ಕಲೀಲಾ?"

ಜಗಳೂರು ಕಡೆಯ ಎಂ.ಎಸ್ಸಿ. ಹುಡುಗನೊಬ್ಬ ಪ್ರಾಜೆಕ್ಟ್ ಶುರು ಮಾಡುವಾಗ ಕೇಳಿದ್ದು ಇದು. ಸ್ಟ್ರಿಂಗ್, ಕೆಗ್ ಅಂದರೆ ಜೀನು, ಪ್ರೋಟೀನುಗಳ ಮಾಹಿತಿ ಇರುವ ಡೇಟಾಬೇಸುಗಳು. ಸ್ಪಾರ್ಕಲ್ ಅಂದರೆ ಡೇಟಾಬೇಸುಗಳಿಗೆ ಪ್ರಶ್ನೆ ಕೇಳುವ ಒಂದು ಭಾಷೆ. ಅವರ ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಎಲೆ ಅಂಗಮಾರಿ ಬಂದ ವರ್ಷ ಎಲೆಗಳ ಮೇಲೆ ಬೂದು ಬಣ್ಣದ ಉದ್ದುದ್ದ ಮಚ್ಚೆ ಬೀಳುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ಆ ರೋಗವನ್ನು ತಡೆಯುವ ಜೀನುಗಳು ಯಾವುವು ಎಂದು ಹುಡುಕಬೇಕು ಅನ್ನುವುದು ಅವನ ಆಸೆ. ಸೀಕ್ವೆನ್ಸಿಂಗ್, ಅಂದರೆ ಗಿಡದ ಡಿಎನ್‌ಎ ಓದಿಸುವುದು, ಅದಕ್ಕೆ ದುಡ್ಡಿಲ್ಲ. ಇರುವುದು 8 ಜಿಬಿ ರ್‍ಯಾಮಿನ ಒಂದು ಲ್ಯಾಪ್‌ಟಾಪ್, ಮತ್ತು ಯಾರು ಬೇಕಾದರೂ ನೋಡಬಹುದಾದ ಡೇಟಾಬೇಸುಗಳು.

ಅಷ್ಟಿದ್ದರೆ ಕೆಲಸ ಶುರು ಮಾಡಬಹುದು ಅಂದೆ. ಸುಮ್ನೆ ಧೈರ್ಯ ತುಂಬಲು ಹೇಳಿದ ಮಾತಲ್ಲ. 1986ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಡಾನ್ ಸ್ವಾನ್ಸನ್ ಒಂದೂ ಪ್ರಯೋಗ ಮಾಡದೆ, ಬರೀ ಓದಿ, ಒಂದು ಹೊಸ ಊಹೆ ಕಟ್ಟಿದರು. ಚಳಿಗೆ ಬೆರಳು ಬಿಳಚಿಕೊಳ್ಳುವ ರೇನಾಡ್ ಎಂಬ ತೊಂದರೆಯಲ್ಲಿ ರಕ್ತ ಮಂದವಾಗಿರುತ್ತದೆ ಎಂದು ಕೆಲವು ಲೇಖನಗಳು ಹೇಳುತ್ತಿದ್ದವು. ಮೀನೆಣ್ಣೆ ರಕ್ತದ ಮಂದತನ ಕಡಿಮೆ ಮಾಡುತ್ತದೆ ಎಂದು ಬೇರೆ ಲೇಖನಗಳು ಹೇಳುತ್ತಿದ್ದವು. ಎರಡೂ ಗುಂಪಿನವರು ಒಬ್ಬರದನ್ನು ಒಬ್ಬರು ಓದಿರಲಿಲ್ಲ. ಹಾಗಾದರೆ ಮೀನೆಣ್ಣೆ ರೇನಾಡ್‌ಗೆ ಉಪಯೋಗ ಆಗಬಹುದಲ್ವಾ ಎಂದು ಅವರು ಕೇಳಿದರು. ಆಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವು ರೋಗಿಗಳಿಗೆ ಅದರಿಂದ ಅನುಕೂಲವೂ ಕಂಡಿತು. ಇವತ್ತು ನಾವು ಮಾಡುವುದೂ ಅದೇ ಕೆಲಸ. ಒಂದು ಕಡೆ ಇರುವ ಸಂಗತಿಯನ್ನು ಇನ್ನೊಂದು ಕಡೆ ಇರುವ ಸಂಗತಿಗೆ ಹೊಂದಿಸುವುದು. ಲೇಖನಗಳ ಜಾಗದಲ್ಲಿ ಈಗ ಡೇಟಾಬೇಸುಗಳು ಬಂದಿವೆ, ಅಷ್ಟೆ.

ಆದರೆ ಹುಡುಗನ ಪ್ರಶ್ನೆಗೆ ನಾನು ನೇರವಾಗಿ ಉತ್ತರ ಕೊಡಲಿಲ್ಲ. "ನಿನ್ನ ಪ್ರಶ್ನೆ ಎಷ್ಟು ಸೇತುವೆ ದಾಟಬೇಕು, ಮೊದಲು ಎಣಿಸು" ಅಂದೆ.

ಸೇತುವೆ ಅಂದರೆ ಏನು

ಜೀನಿನಿಂದ ಅದರ ಪ್ರೋಟೀನಿಗೆ ಹೋಗುವುದು ಒಂದು ಸೇತುವೆ. ಪ್ರೋಟೀನಿನಿಂದ ಅದು ಮಾಡುವ ಕೆಲಸಕ್ಕೆ ಇನ್ನೊಂದು. ಮೆಕ್ಕೆಜೋಳದ ಜೀನಿನಿಂದ ಭತ್ತದಲ್ಲಿರುವ ಅದರ ದಾಯಾದಿ ಜೀನಿಗೆ, ಅಂದರೆ ಒಂದೇ ಪೂರ್ವಜ ಜೀನಿನಿಂದ ಬಂದದ್ದಕ್ಕೆ, ಮತ್ತೊಂದು. ಪ್ರತಿ ಸೇತುವೆಯ ಆಚೆ ಬೇರೆ ಡೇಟಾಬೇಸ್ ಇರುತ್ತದೆ, ಅಲ್ಲಿ ಅದೇ ವಸ್ತುವಿಗೆ ಬೇರೆ ಹೆಸರು ಇರುತ್ತದೆ. ನಮ್ಮ ಕಡೆ ಮೆಕ್ಕೆಜೋಳ, ಹಾವೇರಿ ಕಡೆ ಗೋವಿನಜೋಳ, ಮೈಸೂರು ಕಡೆ ಮುಸುಕಿನ ಜೋಳ ಅನ್ನುತ್ತಾರಲ್ಲ, ಹಾಗೆ. ಸಂತೆಯಲ್ಲಿ ಕಾಳು ನೋಡಿದರೆ ಗೊತ್ತಾಗುತ್ತದೆ. ಕಂಪ್ಯೂಟರ್ ಕಾಳು ನೋಡಲ್ಲ, ಹೆಸರು ಮಾತ್ರ ನೋಡುತ್ತದೆ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮೆಕ್ಕೆಜೋಳದ ಬಿ73 ತಳಿಯ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, 2009ರಲ್ಲಿ ಪ್ರಕಟವಾಯಿತು. ಆಗ ಜೀನುಗಳ ಹೆಸರು 'ಜಿಆರ್‌ಎಂಝಡ್‌ಎಂ' ಎಂದು ಶುರುವಾಗುತ್ತಿತ್ತು. ನಾಲ್ಕನೇ ಆವೃತ್ತಿ 2017ರಲ್ಲಿ ಬಂದಾಗ ಹೆಸರು 'ಝಡ್‌ಎಂ00001ಡಿ' ಆಯಿತು. ಐದನೇ ಆವೃತ್ತಿಯಲ್ಲಿ ಅದು 'ಝಡ್‌ಎಂ00001ಇಬಿ' ಆಯಿತು. ನಮ್ಮ ಹುಡುಗ ಹಳೆಯ ಲೇಖನವೊಂದರ ಪಟ್ಟಿಯಿಂದ ಸುಮಾರು 600 ಹೆಸರು ನಕಲು ಮಾಡಿ ಒಂದು ಟೂಲಿಗೆ ಹಾಕಿದ. ಉತ್ತರ ಬಂತು, ಚಂದದ ಬಣ್ಣದ ಚಿತ್ರವೂ ಬಂತು. ಎರಡು ವಾರ ಅದರ ಮೇಲೇ ಬರೆಯುತ್ತಾ ಕೂತಿದ್ದ. ಒಂದು ದಿನ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಸಾಲು ನನ್ನ ಕಣ್ಣಿಗೆ ಬಿತ್ತು. 200ಕ್ಕೂ ಹೆಚ್ಚು ಹೆಸರುಗಳನ್ನು ಟೂಲ್ ಗುರುತಿಸಿಯೇ ಇರಲಿಲ್ಲ, ಬಿಟ್ಟುಬಿಟ್ಟಿತ್ತು.

ಬಿಟ್ಟುಹೋದವು ಯಾವುವು ಅನ್ನುವುದು ಇಲ್ಲಿ ಬಹಳ ಮುಖ್ಯ. ರೋಗ ತಡೆಯುವ ಜೀನುಗಳು ಎಷ್ಟೋ ಸಲ ಒಂದೇ ರೀತಿಯ ಅಣ್ಣತಮ್ಮಂದಿರಂತೆ ಪಕ್ಕಪಕ್ಕದಲ್ಲೇ ಗುಂಪಾಗಿ ಕೂತಿರುತ್ತವೆ. ಜೀನೋಮನ್ನು ಹೊಸದಾಗಿ ಜೋಡಿಸಿದಾಗ ಜಾಸ್ತಿ ಬದಲಾಗುವುದು ಇಂಥ ಜಾಗಗಳೇ. ಒಂದು ಹಳೆಯ ಜೀನು ಎರಡಾಗಿ ಒಡೆಯುತ್ತದೆ, ಎರಡು ಸೇರಿ ಒಂದಾಗುತ್ತವೆ. ಅಂದರೆ ಅವನಿಗೆ ಬೇಕಾದವೇ ಸೋರಿಹೋಗಿದ್ದವು. ಮೆಕ್ಕೆಜೋಳದ್ದೇ ಡೇಟಾಬೇಸಾದ ಮೇಜ್‌ಜಿಡಿಬಿಯಲ್ಲಿ ಹಳೆ ಹೆಸರನ್ನು ಹೊಸದಕ್ಕೆ ಬದಲಿಸುವ ಸೌಲಭ್ಯ ಇದೆ. ಅದರಲ್ಲಿ ಬದಲಿಸಿ ಮತ್ತೆ ಹಾಕಿದಾಗ ಮೇಲೆ ಬಂದ ಪ್ಯಾಟರ್ನ್ ಬೇರೆಯೇ ಆಗಿತ್ತು.

ಆದ್ದರಿಂದ ಯಾವ ದಾರಿ ಹಿಡಿದರೂ ಎಷ್ಟು ಹೆಸರು ಹಾಕಿದೆವು, ಎಷ್ಟು ಆಚೆ ದಡ ಸೇರಿದವು ಎಂದು ಪ್ರತಿ ಸೇತುವೆಯಲ್ಲೂ ಎಣಿಸಿ ಬರೆದಿಡಿ. ಇನ್ನೊಂದು ಮಾತು, ಜೀನಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುವಾಗ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಗುರುತು ಮಾಡಿಯೇ ತೆರೆಯಿರಿ. ಮನುಷ್ಯರ 'ಸೆಪ್ಟ್2', 'ಮಾರ್ಚ್1' ಜೀನುಗಳನ್ನು ಎಕ್ಸೆಲ್ ತಾರೀಖು ಎಂದುಕೊಂಡು ಬದಲಿಸುತ್ತಿತ್ತು. ಕಾಟ ತಾಳಲಾರದೆ 2020ರಲ್ಲಿ ಆ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು.

ಕೈಯಾರೆ ಕ್ಲಿಕ್ಕಿಸುವುದು

ನಿಮ್ಮ ಬಳಿ ಇರುವುದು ಹತ್ತಿಪ್ಪತ್ತು ಜೀನು ಮಾತ್ರ ಅಂದರೆ ಬೇರೆ ಏನೂ ಬೇಡ. ಯುನಿಪ್ರಾಟ್ (ಪ್ರೋಟೀನುಗಳ ಡೇಟಾಬೇಸ್), ಎನ್‌ಸಿಬಿಐ (ಅಮೆರಿಕ ಸರ್ಕಾರದ ಜೀನು ಡೇಟಾಬೇಸುಗಳು), ಮೇಜ್‌ಜಿಡಿಬಿ ಪುಟಗಳನ್ನು ತೆರೆದು ಒಂದೊಂದಾಗಿ ಓದಿ. ನಿಧಾನ, ಹೌದು. ಆದರೆ ಒಂದು ಪುಟದಲ್ಲಿ ಏನೇನು ಇರುತ್ತದೆ, ಯಾವ ಮಾತಿಗೆ ಯಾವ ಆಧಾರ ಕೊಟ್ಟಿದ್ದಾರೆ ಎಂದು ಕಣ್ಣಿಗೆ ರೂಢಿಯಾಗುವುದು ಹೀಗೇ. ದೊಡ್ಡ ಪಟ್ಟಿ ಇರುವವರೂ ಮೊದಲ ಮೂರು ದಿನ ಇದನ್ನೇ ಮಾಡಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಯುನಿಪ್ರಾಟ್‌ನಲ್ಲಿ ಎರಡು ಭಾಗ ಇವೆ. ಸ್ವಿಸ್-ಪ್ರಾಟ್ ಅನ್ನುವುದು 1986ರಿಂದ ಮನುಷ್ಯರು ಕೂತು ಓದಿ ತಿದ್ದಿದ ಭಾಗ. ಅದರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಪ್ರೋಟೀನುಗಳಿವೆ. ಟ್ರೆಂಬಲ್ ಅನ್ನುವುದು ಕಂಪ್ಯೂಟರ್ ತಾನೇ ತುಂಬಿದ ಭಾಗ, ಅದು ಇದರ ಎಷ್ಟೋ ಪಟ್ಟು ದೊಡ್ಡದು. ಮೆಕ್ಕೆಜೋಳದ ಬಹುಪಾಲು ಪ್ರೋಟೀನುಗಳು ಸಿಗುವುದು ಎರಡನೆಯದರಲ್ಲೇ. ಇದು ಗೊತ್ತಿಲ್ಲದೆ ಮುಂದೆ ಹೋದರೆ ಯಂತ್ರದ ಊಹೆಯನ್ನು ಪ್ರಯೋಗದ ಫಲಿತಾಂಶ ಎಂದು ತಿಳಿದುಬಿಡುತ್ತೇವೆ.

ಬಯೋಮಾರ್ಟ್, ಇಂಟರ್‌ಮೈನ್: ಪಟ್ಟಿ ಕೊಟ್ಟು ಪಟ್ಟಿ ತರುವುದು

ನೂರರಿಂದ ಕೆಲವು ಸಾವಿರ ಜೀನು, ಒಂದೋ ಎರಡೋ ಸೇತುವೆ. ಇದಕ್ಕೆ ಗಿಡಗಳ ಜೀನೋಮ್ ಡೇಟಾಬೇಸಾದ ಎನ್ಸೆಂಬಲ್ ಪ್ಲಾಂಟ್ಸ್‌ನ ಬಯೋಮಾರ್ಟ್ ಹೇಳಿಮಾಡಿಸಿದ ಹಾಗಿದೆ. ಎಡಗಡೆ ಸೋಸುವ ಷರತ್ತು ಹಾಕಿ, ಬೇಕಾದ ಕಾಲಮ್‌ಗಳಿಗೆ ಟಿಕ್ ಮಾಡಿ, ಡೌನ್‌ಲೋಡ್ ಒತ್ತಿ. ಪ್ರೋಗ್ರಾಮಿಂಗ್ ಬೇಡ. ಮೆಕ್ಕೆಜೋಳದ ಜೀನು ಕೊಟ್ಟು ಭತ್ತದ, ಬಿಳಿಜೋಳದ ದಾಯಾದಿಗಳನ್ನು ತರಲು ನಾನು ಇದನ್ನೇ ಬಳಸುತ್ತೇನೆ.

ಇಂಟರ್‌ಮೈನ್ ಅಂಥದ್ದೇ ಇನ್ನೊಂದು. ಕೇಂಬ್ರಿಡ್ಜ್‌ನಲ್ಲಿ ಹಣ್ಣಿನ ನೊಣದ ಡೇಟಾಕ್ಕೆ ಕಟ್ಟಿದ ವ್ಯವಸ್ಥೆ ಅದು. ಈಗ ಮನುಷ್ಯರಿಗೆ ಹ್ಯೂಮನ್‌ಮೈನ್, ಮೆಕ್ಕೆಜೋಳಕ್ಕೆ ಮೇಜ್‌ಮೈನ್ ಇವೆ. ಪಟ್ಟಿಗಳನ್ನು ಉಳಿಸಿಟ್ಟು, ಎರಡು ಪಟ್ಟಿಗಳಲ್ಲಿ ಸಮಾನವಾಗಿ ಇರುವುದನ್ನು ತೆಗೆಯುವ ಅನುಕೂಲ ಇದರಲ್ಲಿ ಚೆನ್ನಾಗಿದೆ. ಆದರೆ ಎರಡರಲ್ಲೂ ಅವರು ಮೊದಲೇ ಹಾಕಿಟ್ಟ ಸೇತುವೆಗಳಲ್ಲಿ ಮಾತ್ರ ಓಡಾಡಬಹುದು.

ಸ್ಟ್ರಿಂಗ್, ಜಿ-ಪ್ರೊಫೈಲರ್: ರೆಡಿ ಪ್ಯಾಟರ್ನ್ ಕೊಡುವವು

ಎಲ್ಲರಿಗೂ ಆಸೆ ಇರುವುದು ಇವುಗಳ ಮೇಲೆ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಜಿ-ಪ್ರೊಫೈಲರ್ ನಿಮ್ಮ ಪಟ್ಟಿಯಲ್ಲಿ ಯಾವ ಕೆಲಸದ ಜೀನುಗಳು ಲೆಕ್ಕಕ್ಕಿಂತ ಜಾಸ್ತಿ ಸೇರಿವೆ ಎಂದು ಹೇಳುತ್ತದೆ. ಯಾವ ಲೆಕ್ಕಕ್ಕಿಂತ ಅನ್ನುವುದೇ ಪ್ರಶ್ನೆ. ನಿಮ್ಮ ಪಟ್ಟಿ ಎಲೆಯಿಂದ ಬಂದಿದ್ದರೆ, ಎಲೆಯಲ್ಲಿ ಕೆಲಸ ಮಾಡುವ ಜೀನುಗಳ ಜೊತೆಗೇ ಹೋಲಿಸಬೇಕು. ಇಡೀ ಜೀನೋಮಿನ ಜೊತೆ ಹೋಲಿಸಿದರೆ 'ದ್ಯುತಿಸಂಶ್ಲೇಷಣೆ ಜಾಸ್ತಿ ಇದೆ' ಎಂಬ ಉತ್ತರ ಬರುತ್ತದೆ. ಎಲೆಯಲ್ಲಿ ಅದು ಇರದೆ ಇನ್ನೇನು ಇರುತ್ತದೆ? ಹಿನ್ನೆಲೆ ಪಟ್ಟಿಯನ್ನು ನಾವೇ ಕೊಡುವ ಸೌಲಭ್ಯ ಜಿ-ಪ್ರೊಫೈಲರ್‌ನಲ್ಲಿ ಇದೆ, ತಪ್ಪದೆ ಕೊಡಿ. ಹಾಗೆಯೇ 1000 ಪರೀಕ್ಷೆ ಮಾಡಿ, ಪಿ ವ್ಯಾಲ್ಯೂಗೆ (ಏನೂ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆಗೆ) 0.05ರ ಗೆರೆ ಎಳೆದರೆ, ಏನೂ ಇಲ್ಲದಿದ್ದರೂ 50ರಷ್ಟು 'ಪ್ಯಾಟರ್ನ್' ಆಕಸ್ಮಿಕವಾಗಿಯೇ ಸಿಗುತ್ತವೆ. ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ತಿದ್ದುಪಡಿ ಮಾಡಿದ ಪಿ ವ್ಯಾಲ್ಯೂ ಮಾತ್ರ ನೋಡಿ.

ಸ್ಟ್ರಿಂಗ್ ಯಾವ ಪ್ರೋಟೀನಿಗೆ ಯಾವುದರ ಜೊತೆ ನಂಟು ಎಂದು ಬಲೆ ಹೆಣೆದು ತೋರಿಸುತ್ತದೆ. ಪ್ರತಿ ಗೆರೆಗೂ 0ಯಿಂದ 1ರವರೆಗೆ ಅಂಕ. 0.4 ಮಧ್ಯಮ, 0.7 ಗಟ್ಟಿ, 0.9 ಬಹಳ ಗಟ್ಟಿ ಎಂದು ಅವರೇ ಹೇಳುತ್ತಾರೆ. ಮಕ್ಕಳು 0.9 ನೋಡಿದ ಕೂಡಲೇ ಈ ಎರಡು ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು ಬರೆದುಬಿಡುತ್ತಾರೆ. ಆ ಅಂಕ ಅದನ್ನು ಹೇಳುವುದಿಲ್ಲ. ಇವೆರಡಕ್ಕೂ ಕೆಲಸದಲ್ಲಿ ಏನೋ ಸಂಬಂಧ ಇದೆ ಎಂದು ನಂಬಲು ಎಷ್ಟು ಆಧಾರ ಇದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಒಂದೇ ಲೇಖನದ ಸಾರಾಂಶದಲ್ಲಿ ಎರಡೂ ಹೆಸರು ಮತ್ತೆ ಮತ್ತೆ ಬಂದರೂ ಅಂಕ ಏರುತ್ತದೆ. ಗಿಡಗಳಲ್ಲಂತೂ ಎಷ್ಟೋ ಗೆರೆಗಳು ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಕಂಡಿದ್ದನ್ನು ದಾಯಾದಿ ಸಂಬಂಧದ ಮೇಲೆ ಇಲ್ಲಿಗೆ ತಂದವು.

ನಮ್ಮ ಹುಡುಗನಿಗೆ ಒಂದು ಗೆರೆ ಬಹಳ ಖುಷಿ ಕೊಟ್ಟಿತ್ತು. ಮೂರು ಕಡೆಯಿಂದ ಆಧಾರ ಇದೆ ಮೇಡಂ ಎಂದು ಓಡಿ ಬಂದ. ಕೂತು ಒಂದೊಂದನ್ನೇ ಬಿಡಿಸಿದೆವು. ಒಂದು ಪಠ್ಯದಿಂದ ಹೆಕ್ಕಿದ್ದು, ಅದರ ಮೂಲ ಅರಾಬಿಡಾಪ್ಸಿಸ್ ಮೇಲಿನ ಒಂದು ಲೇಖನ. ಇನ್ನೊಂದು ಬೇರೆ ಡೇಟಾಬೇಸಿನಿಂದ ತಂದಿದ್ದು, ಅದರ ಮೂಲವೂ ಅದೇ ಲೇಖನ. ಮೂರನೆಯದು ಜೀನ್ ಆಂಟಾಲಜಿಯ (ಯಾವ ಜೀನಿನ ಕೆಲಸ ಏನು ಎಂದು ಗೊತ್ತುಪಡಿಸಿದ ಪದಗಳಲ್ಲಿ ಬರೆದಿಡುವ ವ್ಯವಸ್ಥೆಯ) ಟಿಪ್ಪಣಿ, ಅದನ್ನು ಕಂಪ್ಯೂಟರ್ ಆ ಎರಡನೆಯದರಿಂದ ನಕಲು ಮಾಡಿತ್ತು. ಒಬ್ಬನೇ ಹೇಳಿದ ಸುದ್ದಿ ಮೂರು ಬಾಯಿಂದ ಬಂದಿತ್ತು. ಅಂತೆಕಂತೆಗಳ ಸಂತೆ ಅಂತಾರಲ್ಲ, ಡೇಟಾಬೇಸುಗಳು ಒಂದಕ್ಕೊಂದು ಹೆಣೆದುಕೊಂಡಷ್ಟೂ ಈ ಸಂತೆ ದೊಡ್ಡದಾಗುತ್ತದೆ. ಅವನ ಮುಖ ಬಾಡಿತು. ನನಗೂ ಬೇಜಾರಾಯಿತು, ಆದರೆ ಅವತ್ತಿನಿಂದ ಅವನು ಮೂಲ ನೋಡದೆ ಒಂದು ಗೆರೆಯನ್ನೂ ನಂಬಿಲ್ಲ.

ಜೀನ್ ಆಂಟಾಲಜಿಯಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ಪ್ರತಿ ಟಿಪ್ಪಣಿಗೂ ಆಧಾರದ ಗುರುತು ಇರುತ್ತದೆ. 'ಐಡಿಎ' ಅಂದರೆ ಯಾರೋ ನೇರ ಪ್ರಯೋಗ ಮಾಡಿ ನೋಡಿದ್ದು. 'ಐಇಎ' ಅಂದರೆ ಯಂತ್ರ ತಾನಾಗಿ ಹಾಕಿದ್ದು, ಯಾರೂ ಒಂದೊಂದಾಗಿ ಪರಿಶೀಲಿಸಿಲ್ಲ. ಐಇಎ ಎಲ್ಲವನ್ನೂ ಎಸೆಯಿರಿ ಎಂದು ನಾನು ಹೇಳಲ್ಲ, ಮೆಕ್ಕೆಜೋಳದಲ್ಲಿ ಹಾಗೆ ಮಾಡಿದರೆ ಕೈಯಲ್ಲಿ ಹೆಚ್ಚೇನೂ ಉಳಿಯಲ್ಲ. ಎರಡು ಸಲ ಓಡಿಸಿ, ಐಇಎ ಇಟ್ಟು ಒಮ್ಮೆ, ತೆಗೆದು ಒಮ್ಮೆ. ಎರಡರಲ್ಲೂ ಉಳಿಯುವ ಪ್ಯಾಟರ್ನಿಗೆ ಜಾಸ್ತಿ ಬೆಲೆ ಕೊಡಿ.

ಕೆಗ್ ಬೇಕಾ, ರಿಯಾಕ್ಟೋಮ್ ಬೇಕಾ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಎರಡೂ ಜೀವಕೋಶದೊಳಗಿನ ಕ್ರಿಯೆಗಳನ್ನು ನಕ್ಷೆಯಾಗಿ ತೋರಿಸುವ ಡೇಟಾಬೇಸುಗಳು. ಇದಕ್ಕೆ ಉತ್ತರ ಸುಲಭ. ಮನುಷ್ಯರ ರೋಗದ ಕೆಲಸ ಮಾಡುವ ನಮ್ಮ ಊರಿನ ಮೆಡಿಕಲ್ ಮಕ್ಕಳಿಗೆ ರಿಯಾಕ್ಟೋಮ್. ಅದು ಪೂರ್ತಿ ಉಚಿತ, ಪ್ರತಿ ಹೆಜ್ಜೆಗೂ ಲೇಖನದ ಆಧಾರ ಇದೆ. ಗಿಡದವರಿಗೆ ಕೆಗ್‌ನ ನಕ್ಷೆಗಳು ಓದಲು ಸಲೀಸು. ಆದರೆ ಕೆಗ್ ಮೆಕ್ಕೆಜೋಳದ ಜೀನುಗಳನ್ನು ಎನ್‌ಸಿಬಿಐ ಸಂಖ್ಯೆಯಿಂದ ಕರೆಯುತ್ತದೆ, ಅಂದರೆ ಇನ್ನೊಂದು ಹೆಸರಿನ ಸೇತುವೆ. ಮತ್ತೆ ಅದರ ಡೇಟಾವನ್ನು ಒಟ್ಟಾಗಿ ಇಳಿಸಿಕೊಳ್ಳುವ ಎಫ್‌ಟಿಪಿ ಡೌನ್‌ಲೋಡಿಗೆ 2011ರಿಂದ ದುಡ್ಡು ಕಟ್ಟಬೇಕು. ಪ್ಲಾಂಟ್ ರಿಯಾಕ್ಟೋಮ್ ಅಂತಲೂ ಇದೆ. ಅಲ್ಲಿ ಭತ್ತವೇ ಮೂಲ, ಬೇರೆ ಬೆಳೆಗಳಿಗೆ ಅದರಿಂದ ಹೊಂದಿಸಿಕೊಂಡಿದ್ದಾರೆ.

ಸ್ಪಾರ್ಕಲ್: ಸೇತುವೆ ನಾವೇ ಹಾಕುವುದು

ಮೂರೋ ನಾಲ್ಕೋ ಸೇತುವೆ ದಾಟಬೇಕು, ಆ ದಾರಿ ಯಾವ ಮೆನುವಿನಲ್ಲೂ ಇಲ್ಲ ಅಂದಾಗ ಸ್ಪಾರ್ಕಲ್ ಕಲಿಯಿರಿ. ಹೆಸರು ಕೇಳಿ ಹೆದರಬೇಡಿ. ಎಲ್ಲ ಸಂಗತಿಯನ್ನೂ ಮೂರು ಪದದ ಸಣ್ಣ ವಾಕ್ಯವಾಗಿ ಇಟ್ಟಿರುತ್ತಾರೆ. 'ಈ ಪ್ರೋಟೀನು – ಜೀವಿ – 4577.' ಇಲ್ಲಿ 4577 ಅಂದರೆ ಮೆಕ್ಕೆಜೋಳ, ಜೀವಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ. 'ಈ ಪ್ರೋಟೀನು – ನಡೆಸುವ ಕ್ರಿಯೆ – ಇಂಥದ್ದು.' ಗೊತ್ತಿಲ್ಲದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿದರೆ ಅದೇ ಪ್ರಶ್ನೆ. ನಾವು ಬಿಟ್ಟ ಸ್ಥಳ ತುಂಬಿರಿ ಮಾಡುತ್ತಿದ್ದೆವಲ್ಲ, ಹಾಗೆಯೇ.

ಇದರ ನಿಜವಾದ ಬಲ ಇರುವುದು ಒಂದು ಕಡೆ ಕೇಳಿದ ಪ್ರಶ್ನೆ ಇನ್ನೊಂದು ಸರ್ವರಿಗೂ ಹೋಗಿ ಉತ್ತರ ತರುವುದರಲ್ಲಿ. ಯುನಿಪ್ರಾಟ್‌ನಲ್ಲಿ ಕೂತು ರಿಯಾ ಡೇಟಾಬೇಸಿನ ರಾಸಾಯನಿಕ ಕ್ರಿಯೆಗಳನ್ನೂ, ಓಎಂಎಯ ದಾಯಾದಿ ಜೀನುಗಳನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಬಹುದು. ಆಧಾರದ ಗುರುತನ್ನೂ ಅದೇ ಪ್ರಶ್ನೆಯಲ್ಲಿ ಕೇಳಬಹುದು. ಅಂದರೆ ಮೂಲ ಕಣ್ಣೆದುರೇ ಇರುತ್ತದೆ. ನಾನು ಇದನ್ನು ಮೆಚ್ಚುವುದು ಮುಖ್ಯವಾಗಿ ಈ ಕಾರಣಕ್ಕೆ.

ಕಷ್ಟವೂ ಇದೆ. ದೊಡ್ಡ ಪ್ರಶ್ನೆ ಕೇಳಿದರೆ ಸರ್ವರ್ ಮಧ್ಯದಲ್ಲೇ ಕೈಬಿಡುತ್ತದೆ. ಹಳ್ಳಿಯಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರಿಗೆ ತಾಳ್ಮೆ ಬೇಕು. ಮೊದಲು ಐದು ಸಾಲು ಉತ್ತರ ಕೇಳಿ, ಸರಿ ಇದ್ದರೆ ಆಮೇಲೆ ಪೂರ್ತಿ ಕೇಳಿ. ಕಲಿಯಲು ಎರಡು ಮೂರು ವಾರ ಹಿಡಿಯುತ್ತದೆ. ಎರಡು ತಿಂಗಳ ಪ್ರಾಜೆಕ್ಟಿಗೆ ಇದು ದುಬಾರಿ, ಪಿಎಚ್‌ಡಿಗೆ ಖಂಡಿತ ಲಾಭ.

ಸ್ವಂತ ಬಲೆ ಕಟ್ಟುವುದು

ಡೇಟಾವನ್ನೆಲ್ಲ ಇಳಿಸಿಕೊಂಡು ನಿಯೋ4ಜೆಯಂಥ ಗ್ರಾಫ್ ಡೇಟಾಬೇಸಿನಲ್ಲಿ ನಮ್ಮದೇ ಬಲೆ ಹೆಣೆಯುವುದು ಕೊನೆಯ ದಾರಿ. ಇದರ ಒಳ್ಳೆಯ ಮಾದರಿ 2017ರಲ್ಲಿ ಪ್ರಕಟವಾದ ಹೆಟಿಯೋನೆಟ್. 29 ಸಾರ್ವಜನಿಕ ಮೂಲಗಳಿಂದ ಜೀನು, ರೋಗ, ಔಷಧ, ಅಂಗಾಂಶ ಎಲ್ಲವನ್ನೂ ತಂದು 47,031 ಬಿಂದು, 22 ಲಕ್ಷಕ್ಕೂ ಹೆಚ್ಚು ಗೆರೆಗಳಿರುವ ಒಂದೇ ಬಲೆ ಮಾಡಿದರು. ಅದರ ಮೇಲೆ 2,09,168 ಔಷಧ-ರೋಗ ಜೋಡಿಗಳಿಗೆ ಅಂಕ ಕೊಟ್ಟರು. ಇದನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಇಟ್ಟುಕೊಳ್ಳಬಹುದು.

ಅವರಿಂದ ಕಲಿಯಬೇಕಾದ ದೊಡ್ಡ ಪಾಠ ಬೇರೆ. ಬಲೆಯಲ್ಲಿ ಕೆಲವು ಜೀನುಗಳಿಗೆ ಸಾವಿರಾರು ಗೆರೆ ಇರುತ್ತವೆ. ಕ್ಯಾನ್ಸರಿನ ಟಿಪಿ53 ಅಂಥದ್ದು. ಎಲ್ಲರೂ ಅದರ ಮೇಲೇ ಕೆಲಸ ಮಾಡಿದ್ದಾರೆ, ಅದಕ್ಕೇ ಅಷ್ಟು ಗೆರೆ. ಯಾವ ದಾರಿ ಹಿಡಿದರೂ ಅಲ್ಲಿಗೇ ಬಂದು ಸೇರುತ್ತೇವೆ. ಇದಕ್ಕೆ ಅವರು ಬಲೆಯನ್ನು ಕಲಕಿ ನೋಡಿದರು. ಪ್ರತಿ ಬಿಂದುವಿನ ಗೆರೆಗಳ ಸಂಖ್ಯೆ ಹಾಗೇ ಇಟ್ಟು, ಯಾರಿಗೆ ಯಾರು ಅನ್ನುವುದನ್ನು ಮಾತ್ರ ಅದಲುಬದಲು ಮಾಡಿದರು. ಕಲಕಿದ ಬಲೆಯಲ್ಲೂ ಅದೇ ಪ್ಯಾಟರ್ನ್ ಬಂದರೆ ಅದು ಜನಪ್ರಿಯತೆಯ ಫಲ, ಜೀವಶಾಸ್ತ್ರದ್ದಲ್ಲ. ಈ ಪರೀಕ್ಷೆಯನ್ನು ಸಣ್ಣ ಪೈಥಾನ್ ಪ್ರೋಗ್ರಾಮಿನಲ್ಲಿ ನೀವೂ ಮಾಡಬಹುದು.

ಬಲೆ ಕಟ್ಟಲು ಹೋಗಬೇಡಿ ಎಂದೇ ನಾನು ಬಹುತೇಕ ಎಂ.ಎಸ್ಸಿ. ಮಕ್ಕಳಿಗೆ ಹೇಳುವುದು. ಮುಕ್ಕಾಲು ಪಾಲು ಸಮಯ ಹೆಸರು ಹೊಂದಿಸುವುದರಲ್ಲೇ ಹೋಗುತ್ತದೆ. ಇಬ್ಬರು ಮೂವರು ಸೇರಿ, ಕಂಪ್ಯೂಟರ್ ಸೈನ್ಸಿನ ಒಬ್ಬರು ಜೊತೆಗಿದ್ದು, ವರ್ಷ ಪೂರ್ತಿ ಸಮಯ ಇದ್ದರೆ ಮಾತ್ರ ಕೈ ಹಾಕಿ.

ನಮ್ಮ ಹುಡುಗ ಕೊನೆಗೆ ಹಿಡಿದ ದಾರಿ

ಹೆಸರು ಬದಲಿಸಲು ಮೇಜ್‌ಜಿಡಿಬಿ, ದಾಯಾದಿಗಳಿಗೆ ಬಯೋಮಾರ್ಟ್, ಹಿನ್ನೆಲೆ ಪಟ್ಟಿ ಕೊಟ್ಟು ಜಿ-ಪ್ರೊಫೈಲರ್. ಸ್ಟ್ರಿಂಗ್‌ನಲ್ಲಿ ಪಠ್ಯದಿಂದ ಹೆಕ್ಕಿದ ಆಧಾರವನ್ನು ಆಫ್ ಮಾಡಿ 0.7ರ ಮೇಲಿನದು ಮಾತ್ರ. ಸ್ಪಾರ್ಕಲ್ ಒಂದೇ ಒಂದು ಪ್ರಶ್ನೆಗೆ ಬಳಸಿದ, ಅದನ್ನೂ ಯುನಿಪ್ರಾಟ್ ಪುಟದಲ್ಲಿದ್ದ ಉದಾಹರಣೆಯನ್ನು ತಿದ್ದಿ.

ಆಮೇಲೆ ಎರಡು ಪರೀಕ್ಷೆ ಮಾಡಿಸಿದೆ. ಎಲೆ ಅಂಗಮಾರಿಯನ್ನು ತಡೆಯುವ ಎಚ್‌ಟಿಎನ್1 ಎಂಬ ಜೀನು ಎಂಟನೇ ಕ್ರೋಮೋಸೋಮಿನಲ್ಲಿದೆ. ಅದು ಯಾವ ಪ್ರೋಟೀನು ಮಾಡುತ್ತದೆ ಎಂದು 2015ರಲ್ಲಿ ಪತ್ತೆಯಾಯಿತು. ರೋಗಕ್ಕೂ ಅದಕ್ಕೂ ಇರುವ ಸಂಬಂಧವನ್ನು ಅವನ ಡೇಟಾದಿಂದ ಬಚ್ಚಿಟ್ಟೆವು. ಉಳಿದ ಗೆರೆಗಳಿಂದಲೇ ಅದು ಮತ್ತೆ ಮೇಲೆ ಬರುತ್ತದಾ ನೋಡೋಣ ಅಂದೆ. ಪಟ್ಟಿಯ ಮೇಲಿನ ಭಾಗದಲ್ಲೇ ಬಂತು. ಇನ್ನೊಂದು ಪರೀಕ್ಷೆ ಎಪಿಎಂಸಿಯಲ್ಲಿ ವ್ಯಾಪಾರಿಗಳು ಮಾಡುವಂಥದ್ದು. ಅವರು ಚೀಲ ಪೂರ್ತಿ ಸುರಿಯಲ್ಲ. ಚೂಪು ಕೊಳವೆ ಚುಚ್ಚಿ, ಬೇರೆ ಬೇರೆ ಚೀಲದಿಂದ ಹಿಡಿ ಕಾಳು ತೆಗೆದು ಅಂಗೈ ಮೇಲೆ ಹರಡಿ ನೋಡುತ್ತಾರೆ. ಅವನೂ ತನ್ನ ಬಲೆಯಿಂದ ಚೀಟಿ ಎತ್ತಿದ ಹಾಗೆ 20 ಗೆರೆ ತೆಗೆದು, ಪ್ರತಿಯೊಂದರ ಮೂಲ ಲೇಖನದವರೆಗೂ ಹೋದ.

ಅವನ ಕೈಯಲ್ಲಿದ್ದ 11 ಜೀನುಗಳಲ್ಲಿ ಇದೆಲ್ಲ ಮುಗಿದ ಮೇಲೆ ನಾಲ್ಕು ಉಳಿದವು. ಪ್ರತಿಯೊಂದಕ್ಕೂ ಒಂದು ಹಾಳೆ ಮಾಡಿದ್ದಾನೆ. ಯಾವ ಡೇಟಾಬೇಸು, ಯಾವ ಆವೃತ್ತಿ, ಯಾವ ತಾರೀಖು ಇಳಿಸಿಕೊಂಡಿದ್ದು, ಯಾವ ಲೇಖನ, ಅದು ಯಾವ ಗಿಡದ ಮೇಲೆ ಮಾಡಿದ ಪ್ರಯೋಗ. ಯಾವ ಬೀಜ ತರಲಿ ಎಂದು ಅವರಪ್ಪ ಕೇಳುತ್ತಲೇ ಇದ್ದಾರೆ. ಅದಕ್ಕೆ ಈ ಹಾಳೆಗಳಲ್ಲಿ ಇನ್ನೂ ಉತ್ತರ ಇಲ್ಲ. ಮುಂಗಾರಿಗೆ ಕುಂಡಗಳಲ್ಲಿ ರೋಗ ತಡೆಯುವ ತಳಿ ಒಂದು, ರೋಗ ಬರುವ ತಳಿ ಒಂದು ಬಿತ್ತಿ, ಎಲೆಗೆ ಶಿಲೀಂಧ್ರ ಹಾಕಿ, ಎರಡರಲ್ಲೂ ಈ ನಾಲ್ಕು ಜೀನು ಎಷ್ಟು ಕೆಲಸ ಮಾಡುತ್ತವೆ ಎಂದು ಅಳೆಯಬೇಕು. ಇದನ್ನು ಅಳೆಯುವ ಪಿಸಿಆರ್ ಯಂತ್ರ ಇರುವ ಒಂದು ಲ್ಯಾಬಿನವರನ್ನು ಕೇಳಿದ್ದೇವೆ, ಹಾಳೆಗಳನ್ನು ಕಳಿಸಿ ಅಂದಿದ್ದಾರೆ.